ಚೀಟಿಯಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು: ತೆರಿಗೆ, ಕಾರ್ಡ್ ಶುಲ್ಕ, ಕೊನೆಗೆ ಸೇರುವ ಖರ್ಚುಗಳ ಬಗ್ಗೆ ಮಾತಾಡೋಣ

ಬಿಲ್ ಓದುಗಿ

ಕಪಾಟಿನ ಚೀಟಿಯಲ್ಲಿ ಒಂದು ಬೆಲೆ ಇರುತ್ತದೆ. ಗಲ್ಲಾ ಹತ್ತಿರ ಹೋದಾಗ ಕೆಲವು ದೇಶಗಳಲ್ಲಿ ಅದಕ್ಕೆ ತೆರಿಗೆ ಸೇರುತ್ತದೆ. ಕಾರ್ಡ್ ತೆಗೆದರೆ ಇನ್ನೊಂದಿಷ್ಟು ಸೇರುತ್ತದೆ. ಆನ್‌ಲೈನ್‌ನಲ್ಲಿ ಕೊಂಡರೆ ಪ್ಯಾಕಿಂಗ್, ಹ್ಯಾಂಡ್ಲಿಂಗ್, ಪ್ಲಾಟ್‌ಫಾರ್ಮ್ ಶುಲ್ಕ ಅಂತ ಕೊನೆಯ ಪುಟದಲ್ಲಿ ಒಂದೊಂದೇ ಹೊರಬರುತ್ತವೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಚಿಕ್ಕವೇ. ದಿನಸಿ, ಔಷಧಿ, ಬಟ್ಟೆ, ಪುಸ್ತಕ ಅಂತ ವರ್ಷಪೂರ್ತಿ ಕೂಡುತ್ತಾ ಹೋದರೆ ಚಿಕ್ಕದಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟು. ಕೊಳ್ಳಬೇಕೋ ಬೇಡವೋ ಅಂತ ನಾನು ನಿರ್ಧರಿಸುವ ಹೊತ್ತಿನಲ್ಲಿ ಯಾವ ಮೊತ್ತ ಕಣ್ಣ ಮುಂದಿದೆಯೋ, ಕೊನೆಗೆ ಕೊಡುವುದೂ ಅಷ್ಟೇ ಆಗಿರಬೇಕು. ತೆರಿಗೆ ಬೇಡ ಅಂತ ನಾನು ಹೇಳುತ್ತಿಲ್ಲ. ಅಂಗಡಿಯವರು ಲಾಭ ಮಾಡಬಾರದು ಅಂತಲೂ ಅಲ್ಲ. ಮೊತ್ತ ಮೊದಲೇ ಹೇಳಿ ಅಂತ ಅಷ್ಟೇ.

"ಬಿಲ್ಲಿನಲ್ಲಿ ಹೇಗಿದ್ದರೂ ಬರೆದಿರುತ್ತಾರಲ್ಲ, ಬಚ್ಚಿಟ್ಟಿದ್ದು ಏನಿದೆ?" ಅಂತ ಕೆಲವರು ಕೇಳುತ್ತಾರೆ. ಯಾವಾಗ ಹೇಳುತ್ತಾರೆ ಅನ್ನುವುದೇ ಇಲ್ಲಿ ಮುಖ್ಯ. ರಾಜ್ ಚೆಟ್ಟಿ, ಆಡಂ ಲೂನಿ, ಕೋರಿ ಕ್ರಾಫ್ಟ್ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಒಂದು ದೊಡ್ಡ ಅಂಗಡಿಯಲ್ಲಿ ಪ್ರಯೋಗ ಮಾಡಿದರು. ಅಲ್ಲಿ ಶೇ 7.375 ತೆರಿಗೆ ಗಲ್ಲಾದಲ್ಲಿ ಸೇರುತ್ತಿತ್ತು. ಕೆಲವು ಸಾಮಾನುಗಳ ಚೀಟಿಯಲ್ಲಿ ಮಾತ್ರ ತೆರಿಗೆ ಸೇರಿಸಿದ ಬೆಲೆಯನ್ನೂ ಬರೆದರು. ಕೊಡುವ ಹಣ ಒಂದು ಪೈಸೆಯೂ ಬದಲಾಗಲಿಲ್ಲ. ಆದರೂ ಆ ಸಾಮಾನುಗಳ ಮಾರಾಟ ಸುಮಾರು ಶೇ 8ರಷ್ಟು ಇಳಿಯಿತು. ತೆರಿಗೆ ದರ ಎಷ್ಟು ಅಂತ ಕೇಳಿದರೆ ಹೆಚ್ಚಿನ ಗ್ರಾಹಕರಿಗೆ ಗೊತ್ತಿತ್ತು. ಗೊತ್ತಿದ್ದರೂ ವಸ್ತು ಕೈಗೆತ್ತಿಕೊಳ್ಳುವಾಗ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ.

ಅಂಗಡಿ ನಡೆಸುವವರು, ಲೆಕ್ಕಪತ್ರ ನೋಡುವವರು, ಕಾರ್ಡ್ ವ್ಯವಹಾರ ಗೊತ್ತಿರುವವರು ಇದ್ದರೆ ನಿಮ್ಮ ಕಡೆಯ ಮಾತನ್ನೂ ಹೇಳಿ.

ಗಲ್ಲಾಪೆಟ್ಟಿಗೆ

ಮೇಡಂ, ನಾನು ಅಂಗಡಿ ನಡೆಸುವವನು. ನಿಮ್ಮ ಮಾತಿಗೆ ನನ್ನ ಒಪ್ಪಿಗೆ ಇದೆ. ಆದರೆ ಗಲ್ಲಾದ ಈ ಕಡೆಯ ಲೆಕ್ಕವೂ ನಿಮಗೆ ಗೊತ್ತಿರಲಿ.

ಯಾವ ದೇಶದ ಹಣವಾದರೂ ಸರಿ, ಒಂದು ವಸ್ತುವಿನ ಮೂಲ ಬೆಲೆ 100 ಅಂತ ಇಟ್ಟುಕೊಳ್ಳಿ. ತೆರಿಗೆ ಶೇ 20. ಗ್ರಾಹಕರು ಕೊಡುವುದು 120. ಕಾರ್ಡ್ ಶುಲ್ಕ ಶೇ 2 ಅಂದುಕೊಳ್ಳಿ. ಆ ಶೇ 2 ಯಾವುದರ ಮೇಲೆ? 100ರ ಮೇಲಲ್ಲ, 120ರ ಮೇಲೆ. ಅಂದರೆ 2.40. ಸರ್ಕಾರಕ್ಕೆ ಅಂತ ನಾನು ವಸೂಲಿ ಮಾಡಿ ಕಟ್ಟುವ ಆ 20ರ ಮೇಲೂ ಶುಲ್ಕ ನಾನೇ ಕೊಡಬೇಕು. ಆ ಹಣ ನನ್ನದಲ್ಲ. ಅದರಿಂದ ನನಗೆ ಒಂದು ಕಾಸೂ ಬರುವುದಿಲ್ಲ.

ಇನ್ನು ಲಾಭ. ಸಗಟು ಬೆಲೆ, ಬಾಡಿಗೆ, ಸಂಬಳ, ಕರೆಂಟು, ಹಾಳಾದ ಸರಕು ಎಲ್ಲ ಕಳೆದು 100ರಲ್ಲಿ 5 ಉಳಿಯಿತು ಅನ್ನಿ. ಅದರಲ್ಲಿ 2.40 ಕಾರ್ಡ್‌ಗೆ ಹೋಯಿತು. ನೋಡುವವರಿಗೆ "ಬರೀ ಶೇ 2". ನನಗೆ ಅದು ಲಾಭದ ಹತ್ತಿರ ಹತ್ತಿರ ಅರ್ಧ.

ಚಿಕ್ಕ ಖರೀದಿಯಲ್ಲಿ ಇನ್ನೂ ಕಷ್ಟ. ಎಷ್ಟೋ ಒಪ್ಪಂದಗಳಲ್ಲಿ ಶೇಕಡಾವಾರಿನ ಜೊತೆ ಪ್ರತಿ ವ್ಯವಹಾರಕ್ಕೆ ಒಂದು ನಿಗದಿತ ಮೊತ್ತವೂ ಇರುತ್ತದೆ. ಶೇ 2 ಮತ್ತು ಮೇಲೆ 0.30 ಅಂತ ಇದ್ದರೆ, 500ರ ಖರೀದಿಗೆ 10.30 ಹೋಗುತ್ತದೆ. ಅದು ಶೇ 2.06. ಪರವಾಗಿಲ್ಲ. 5ರ ಖರೀದಿಗೆ 0.40 ಹೋಗುತ್ತದೆ. ಅದು ಶೇ 8! "ಇಷ್ಟಕ್ಕಿಂತ ಕಡಿಮೆ ಇದ್ದರೆ ಕಾರ್ಡ್ ಬೇಡ" ಅಂತ ಬೋರ್ಡ್ ಹಾಕುವುದು ಜಿಪುಣತನದಿಂದಲ್ಲ, ಈ ಲೆಕ್ಕದಿಂದ. ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡ್‌ಗೆ 10 ಡಾಲರ್‌ವರೆಗೆ ಕನಿಷ್ಠ ಮಿತಿ ಇಡಬಹುದು ಅಂತ 2010ರಲ್ಲಿ ಕಾನೂನೇ ಬಂತು.

ಹಾಗಾದರೆ ಬೆಲೆಯಲ್ಲೇ ಸೇರಿಸಿಬಿಡಿ ಅಂತೀರಿ. ಸೇರಿಸಿದರೆ ನಗದು ಕೊಡುವವರೂ ಆ ಶುಲ್ಕ ಹೊರುತ್ತಾರೆ. ಅದು ಸರಿಯೇ?

ಹೊಸ ಓದುಗ

ಒಂದು ಪ್ರಶ್ನೆ. ಆ 2.40 ಹೋಗುವುದು ಯಾರಿಗೆ? ಕಾರ್ಡ್ ಮೇಲೆ ಹೆಸರಿರುವ ಕಂಪನಿಗಾ, ಬ್ಯಾಂಕಿಗಾ?

ಯಂತ್ರದ ಹಿಂದೆ

ಪಾವತಿ ವ್ಯವಸ್ಥೆಯಲ್ಲಿ ಕೆಲಸ ಮಾಡಿರುವುದರಿಂದ ಇದಕ್ಕೆ ನಾನು ಉತ್ತರಿಸಬಲ್ಲೆ.

ಒಂದು ಕಾರ್ಡ್ ಉಜ್ಜಿದಾಗ ಇಬ್ಬರಲ್ಲ, ಐದು ಕಡೆಯವರು ಇರುತ್ತಾರೆ. ಗ್ರಾಹಕ, ಗ್ರಾಹಕನಿಗೆ ಕಾರ್ಡ್ ಕೊಟ್ಟ ಬ್ಯಾಂಕ್, ಅಂಗಡಿ, ಅಂಗಡಿಗೆ ಯಂತ್ರ ಕೊಟ್ಟ ಬ್ಯಾಂಕ್ ಅಥವಾ ಸಂಸ್ಥೆ, ಇವರೆಲ್ಲರ ನಡುವೆ ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನಂಥ ಜಾಲ. ಅಂಗಡಿಯಿಂದ ಕತ್ತರಿಸಿದ ಶುಲ್ಕ ಮೂರು ಪಾಲಾಗುತ್ತದೆ. ಒಂದು, ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುವ ಇಂಟರ್‌ಚೇಂಜ್. ಕ್ರೆಡಿಟ್ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಇದೇ ದೊಡ್ಡ ಪಾಲು. ಎರಡು, ಜಾಲಕ್ಕೆ ಹೋಗುವ ಶುಲ್ಕ. ಮೂರು, ಯಂತ್ರ ಕೊಟ್ಟವರ ಪಾಲು. ಯಂತ್ರದ ತಿಂಗಳ ಬಾಡಿಗೆ ಬೇರೆ ಇರಬಹುದು.

ಇಂಟರ್‌ಚೇಂಜ್ ದರವನ್ನು ಸಾಮಾನ್ಯವಾಗಿ ಜಾಲ ನಿಗದಿ ಮಾಡುತ್ತದೆ, ಅದನ್ನು ಪಡೆಯುವುದು ಬ್ಯಾಂಕ್. ಜಾಲಕ್ಕೆ ಬೇಕಾಗಿರುವುದು ಹೆಚ್ಚು ಬ್ಯಾಂಕುಗಳು ತನ್ನ ಕಾರ್ಡನ್ನೇ ಕೊಡಬೇಕು ಅನ್ನುವುದು. ಬ್ಯಾಂಕುಗಳನ್ನು ಸೆಳೆಯಬೇಕಾದರೆ ಇಂಟರ್‌ಚೇಂಜ್ ಜಾಸ್ತಿ ಇರಬೇಕು. ಅಂದರೆ ಎರಡು ಜಾಲಗಳ ನಡುವೆ ಪೈಪೋಟಿ ಹೆಚ್ಚಿದಷ್ಟೂ ಅಂಗಡಿಯವರ ಶುಲ್ಕ ಏರಬಹುದು. ಬೇರೆ ಮಾರುಕಟ್ಟೆಗಳಲ್ಲಿ ಪೈಪೋಟಿಯಿಂದ ಬೆಲೆ ಇಳಿಯುತ್ತದೆ, ಇಲ್ಲಿ ತಿರುಗುಮುರುಗು. ಶುಲ್ಕ ಕೊಡುವ ಅಂಗಡಿಯವರು ಕಾರ್ಡ್ ಆರಿಸುವುದಿಲ್ಲ. ಕಾರ್ಡ್ ಆರಿಸುವ ಗ್ರಾಹಕರಿಗೆ ಶುಲ್ಕ ಕಾಣುವುದಿಲ್ಲ. ಈ ಒಂದು ಗಂಟು ಬಿಚ್ಚದೆ ಬಾಕಿ ಯಾವುದೂ ಅರ್ಥವಾಗುವುದಿಲ್ಲ.

ಅದಕ್ಕೇ ಹಲವು ಸರ್ಕಾರಗಳು ನಡುವೆ ಬಂದಿವೆ. ಯುರೋಪಿಯನ್ ಒಕ್ಕೂಟ 2015ರಲ್ಲಿ ನಿಯಮ ಮಾಡಿತು. ಸಾಮಾನ್ಯ ಗ್ರಾಹಕರ ಡೆಬಿಟ್ ಕಾರ್ಡ್‌ಗೆ ಇಂಟರ್‌ಚೇಂಜ್ ಶೇ 0.2, ಕ್ರೆಡಿಟ್ ಕಾರ್ಡ್‌ಗೆ ಶೇ 0.3, ಅದಕ್ಕಿಂತ ಹೆಚ್ಚಿಲ್ಲ. ಅಮೆರಿಕ 2010ರ ಕಾನೂನಿನ ಡರ್ಬಿನ್ ತಿದ್ದುಪಡಿಯ ಪ್ರಕಾರ 2011ರ ಅಕ್ಟೋಬರ್‌ನಿಂದ ದೊಡ್ಡ ಬ್ಯಾಂಕುಗಳ ಡೆಬಿಟ್ ಕಾರ್ಡ್‌ಗೆ 21 ಸೆಂಟ್ ಜೊತೆಗೆ ಶೇ 0.05 ಅಂತ ಮಿತಿ ಹಾಕಿತು. ವಂಚನೆ ತಡೆಯುವ ಖರ್ಚಿಗೆ ಇನ್ನೊಂದು ಸೆಂಟ್ ಸೇರಬಹುದು. ಕ್ರೆಡಿಟ್ ಕಾರ್ಡ್‌ಗೆ ಅಂಥ ಮಿತಿ ಹಾಕಲಿಲ್ಲ. ಭಾರತದಲ್ಲಿ 2020ರ ಜನವರಿಯಿಂದ ರುಪೇ ಡೆಬಿಟ್ ಕಾರ್ಡ್ ಮತ್ತು ಯುಪಿಐ ಪಾವತಿಗೆ ಅಂಗಡಿಯವರಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ ಅಂತಾಯಿತು. ಹಾಗಂತ ಖರ್ಚು ಮಾಯವಾಗಲಿಲ್ಲ. ಅದರ ಒಂದು ಭಾಗವನ್ನು ಸರ್ಕಾರ ಪ್ರೋತ್ಸಾಹಧನವಾಗಿ ಕೊಡುತ್ತಿದೆ, ಉಳಿದದ್ದನ್ನು ಬ್ಯಾಂಕುಗಳು ಮತ್ತು ಆ್ಯಪ್ ಕಂಪನಿಗಳು ಹೊರುತ್ತಿವೆ.

ಸಂತೆಚೀಲ

ಅಂದರೆ ಕ್ರೆಡಿಟ್ ಕಾರ್ಡ್‌ನವರು ಕೊಡುವ ಪಾಯಿಂಟ್, ಕ್ಯಾಶ್‌ಬ್ಯಾಕ್ ಎಲ್ಲ ಈ ಇಂಟರ್‌ಚೇಂಜ್‌ನಿಂದಲೇ ಬರುವುದಾ?

ಯಂತ್ರದ ಹಿಂದೆ

ದೊಡ್ಡ ಮಟ್ಟಿಗೆ ಹೌದು. ಬಡ್ಡಿ, ತಡ ಪಾವತಿ ದಂಡ, ವಾರ್ಷಿಕ ಶುಲ್ಕದಿಂದಲೂ ಬ್ಯಾಂಕಿಗೆ ವರಮಾನ ಇದೆ. ಆದರೆ ಪ್ರತಿ ತಿಂಗಳೂ ಪೂರ್ತಿ ಕಟ್ಟಿಬಿಡುವ ಗ್ರಾಹಕರಿಂದ ಬ್ಯಾಂಕಿಗೆ ಸಿಗುವುದು ಮುಖ್ಯವಾಗಿ ಇಂಟರ್‌ಚೇಂಜ್. ದೊಡ್ಡ ಬಹುಮಾನ ಕೊಡುವ ಕಾರ್ಡುಗಳಿಗೆ ಇಂಟರ್‌ಚೇಂಜ್ ದರವೂ ಜಾಸ್ತಿ ಇರುತ್ತದೆ. ಅಂಗಡಿಯವರಿಗೆ ಅದು ಮೊದಲೇ ಗೊತ್ತಾಗುವುದಿಲ್ಲ. ಗೊತ್ತಾದರೂ, ಒಂದು ಜಾಲದ ಕ್ರೆಡಿಟ್ ಕಾರ್ಡ್ ಒಪ್ಪುವವರು ಆ ಜಾಲದ ಎಲ್ಲ ಬ್ಯಾಂಕಿನ ಕ್ರೆಡಿಟ್ ಕಾರ್ಡನ್ನೂ ಒಪ್ಪಬೇಕು ಎಂಬ ಷರತ್ತು ಬಹಳ ಕಡೆ ಇದೆ.

ಬಿಲ್ ಓದುಗಿ

ಗಲ್ಲಾಪೆಟ್ಟಿಗೆ ಅವರೇ, ನಗದು ಕೊಡುವವರ ಬಗ್ಗೆ ನೀವು ಕೇಳಿದ ಪ್ರಶ್ನೆ ನನ್ನನ್ನೂ ಕಾಡುತ್ತದೆ.

ಅಮೆರಿಕದ ಬೋಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ ಸಂಶೋಧಕರು 2010ರಲ್ಲಿ ಇದನ್ನೇ ಲೆಕ್ಕ ಹಾಕಿದ್ದರು. ಎಲ್ಲರಿಗೂ ಒಂದೇ ಬೆಲೆ ಇಟ್ಟಾಗ, ನಗದು ಬಳಸುವ ಒಂದು ಸರಾಸರಿ ಮನೆ ವರ್ಷಕ್ಕೆ 149 ಡಾಲರ್ ಕಾರ್ಡ್ ಬಳಸುವ ಮನೆಗಳಿಗೆ ಕೊಟ್ಟಂತಾಗುತ್ತದೆ. ಕಾರ್ಡ್ ಬಳಸುವ ಮನೆಗೆ ವರ್ಷಕ್ಕೆ 1,133 ಡಾಲರ್ ಸಿಕ್ಕಂತಾಗುತ್ತದೆ. ಕಡಿಮೆ ವರಮಾನದವರಲ್ಲಿ ನಗದು ಬಳಕೆ ಜಾಸ್ತಿ. ಅಂದರೆ ಇಲ್ಲದವರ ಜೇಬಿನಿಂದ ಇದ್ದವರ ಪಾಯಿಂಟಿಗೆ ಹಣ ಹೋಗುತ್ತಿದೆ. ಬಡವರ ಮೇಲೆ ಯಾರೂ ಈ ತೆರಿಗೆ ಹಾಕಲಿಲ್ಲ, ಯಾವ ಸಭೆಯಲ್ಲೂ ಇದಕ್ಕೆ ಮತ ಬೀಳಲಿಲ್ಲ. ಆದರೂ ವಸೂಲಿ ಆಗುತ್ತಲೇ ಇದೆ. ಇದು ನನಗೆ ತೀರಾ ಅನ್ಯಾಯ ಅನಿಸುತ್ತದೆ.

ಗಲ್ಲಾಪೆಟ್ಟಿಗೆ

ಒಪ್ಪುತ್ತೇನೆ. ಆದರೆ ನಗದು ಬಿಟ್ಟಿ ಅಲ್ಲ. ರಾತ್ರಿ ಕೂತು ಎಣಿಸಬೇಕು. ಚಿಲ್ಲರೆ ಹೊಂದಿಸಬೇಕು. ಖೋಟಾ ನೋಟು ಬಂದರೆ ನಷ್ಟ ನನ್ನದು. ಬ್ಯಾಂಕಿಗೆ ಒಯ್ಯುವಾಗ ಭಯ. ದೊಡ್ಡ ಮೊತ್ತ ಕಟ್ಟಿದರೆ ಕೆಲವು ಬ್ಯಾಂಕುಗಳು ಎಣಿಸುವುದಕ್ಕೂ ಶುಲ್ಕ ತೆಗೆದುಕೊಳ್ಳುತ್ತವೆ. ಈ ಖರ್ಚೂ ಬೆಲೆಯಲ್ಲೇ ಇರುತ್ತದೆ, ಅದನ್ನು ಕಾರ್ಡ್ ಬಳಸುವವರೂ ಹೊರುತ್ತಾರೆ. ಒಂದು ವ್ಯತ್ಯಾಸ ಇದೆ. ನಗದಿನ ಖರ್ಚನ್ನು ನಾನು ಬುದ್ಧಿ ಓಡಿಸಿ ಕಡಿಮೆ ಮಾಡಿಕೊಳ್ಳಬಹುದು. ಕಾರ್ಡ್ ಶುಲ್ಕದಲ್ಲಿ ನನ್ನಂಥ ಚಿಕ್ಕವರ ಚೌಕಾಸಿ ನಡೆಯುವುದಿಲ್ಲ. ದೊಡ್ಡ ಮಳಿಗೆಗಳಿಗೆ ಕಡಿಮೆ ದರ ಸಿಗುತ್ತದೆ.

ತೆರಿಗೆ ಲೆಕ್ಕ

ನಾನು ಲೆಕ್ಕಪತ್ರದ ಕಡೆಯವನು. ತೆರಿಗೆ ವಿಷಯದಲ್ಲಿ ಬಿಲ್ ಓದುಗಿ ಅವರಿಗೆ ನನ್ನದೊಂದು ತಕರಾರು ಇದೆ.

ತೆರಿಗೆಯನ್ನು ಬೆಲೆಯೊಳಗೆ ಸೇರಿಸಿಬಿಟ್ಟರೆ ಜನರಿಗೆ ಅದು ಕಾಣುವುದೇ ಇಲ್ಲ. ಪ್ರತಿ ಖರೀದಿಯಲ್ಲೂ ಸರ್ಕಾರಕ್ಕೆ ಎಷ್ಟು ಕೊಡುತ್ತಿದ್ದೇವೆ ಅಂತ ನಾಗರಿಕರಿಗೆ ಗೊತ್ತಿರಬೇಕು. ಗೊತ್ತಿದ್ದರೆ ತಾನೇ ಆ ಹಣ ಎಲ್ಲಿ ಹೋಯಿತು ಅಂತ ಕೇಳುವುದು? ಅಮೆರಿಕದಲ್ಲಿ ಗಲ್ಲಾ ಹತ್ತಿರ ತೆರಿಗೆ ಸೇರಿಸುವ ಪದ್ಧತಿಯನ್ನು ಎತ್ತಿ ಹಿಡಿಯುವವರು ಇದನ್ನೇ ಹೇಳುತ್ತಾರೆ. ಈ ಮಾತಿನಲ್ಲಿ ಹುರುಳಿದೆ.

ಇನ್ನೊಂದು ಕಾರಣ ಅಲ್ಲಿನ ವ್ಯವಸ್ಥೆ. ಅಮೆರಿಕದಲ್ಲಿ ದೇಶಕ್ಕೆಲ್ಲ ಒಂದೇ ಮಾರಾಟ ತೆರಿಗೆ ಇಲ್ಲ. 45 ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್ ತಮ್ಮ ತಮ್ಮ ತೆರಿಗೆ ಹಾಕುತ್ತವೆ. ಅದರ ಮೇಲೆ ಬಹಳ ಕಡೆ ಕೌಂಟಿ, ನಗರಗಳ ತೆರಿಗೆ. ಅಲಾಸ್ಕಾ, ಡೆಲವೇರ್, ಮೊಂಟಾನಾ, ನ್ಯೂ ಹ್ಯಾಂಪ್‌ಶೈರ್, ಒರೆಗಾನ್ ಈ ಐದು ರಾಜ್ಯಗಳಲ್ಲಿ ರಾಜ್ಯದ ಮಾರಾಟ ತೆರಿಗೆ ಇಲ್ಲ. ಅಲಾಸ್ಕಾದಲ್ಲಿ ಮಾತ್ರ ಸ್ಥಳೀಯ ತೆರಿಗೆ ಇರಬಹುದು. ದೇಶಕ್ಕೆಲ್ಲ ಒಂದೇ ಜಾಹೀರಾತು ಕೊಡುವ ಕಂಪನಿ ಯಾವ ಬೆಲೆ ಬರೆಯಬೇಕು?

ಈಗ ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್. ಫ್ರಾನ್ಸ್ 1954ರಲ್ಲಿ ಶುರು ಮಾಡಿತು, ಮಾರಿಸ್ ಲೊರೆ ಎಂಬ ತೆರಿಗೆ ಅಧಿಕಾರಿಯ ಯೋಜನೆ. ಇವತ್ತು 170ಕ್ಕೂ ಹೆಚ್ಚು ದೇಶಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಇದೆ. ಮೊದಲಿನ ವಹಿವಾಟು ತೆರಿಗೆಯಲ್ಲಿ ಪ್ರತಿ ಕೈ ಬದಲಾದಾಗಲೂ ಪೂರ್ತಿ ಮೊತ್ತದ ಮೇಲೆ ತೆರಿಗೆ ಬೀಳುತ್ತಿತ್ತು. ತೆರಿಗೆಯ ಮೇಲೆ ತೆರಿಗೆ ಕೂಡುತ್ತಿತ್ತು. ವ್ಯಾಟ್‌ನಲ್ಲಿ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮಾರುವಾಗಿನ ತೆರಿಗೆಯಿಂದ ಕಳೆದು ಕಟ್ಟುತ್ತಾರೆ. ಕೊನೆಯ ಗ್ರಾಹಕರಿಗೆ ಕಳೆಯುವ ಅವಕಾಶ ಇಲ್ಲ, ಹಾಗಾಗಿ ಪೂರ್ತಿ ಭಾರ ಅವರದೇ. ಅಂಗಡಿಯವರು "ನಾವು ತೆರಿಗೆ ಕಟ್ಟುತ್ತೇವೆ" ಅಂದರೆ ಕಟ್ಟುವ ಕೈ ಅವರದು, ಹಣ ನಿಮ್ಮದು.

ಒಳಗೆ ಸೇರಿದ ತೆರಿಗೆಯನ್ನು ಹೊರತೆಗೆಯುವ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. 120ರಲ್ಲಿ ಶೇ 20 ತೆರಿಗೆ ಸೇರಿದ್ದರೆ, ತೆರಿಗೆ 24 ಅಲ್ಲ, 20. 120ನ್ನು 1.20ರಿಂದ ಭಾಗಿಸಬೇಕು, ಬಂದದ್ದು ಮೂಲ ಬೆಲೆ. ಇದರಲ್ಲೇ ಒಂದು ವ್ಯಾಪಾರದ ಜಾಣತನವೂ ಅಡಗಿದೆ. "ತೆರಿಗೆ ನಮ್ಮದು!" ಅಂತ ರಿಯಾಯಿತಿ ಘೋಷಿಸುತ್ತಾರೆ. ಶೇ 20 ಕಡಿತ ಸಿಗುತ್ತದೆ ಅಂತ ಜನ ನಂಬುತ್ತಾರೆ. 120ರ ವಸ್ತು 100ಕ್ಕೆ ಸಿಕ್ಕರೆ ಕಡಿತ ಶೇ 16.67 ಮಾತ್ರ. ಅದೂ ಅಲ್ಲದೆ, ಸರ್ಕಾರ ತೆರಿಗೆ ಬಿಡುವುದಿಲ್ಲ. ಅಂಗಡಿಯವರು ಆ 100ರೊಳಗಿನಿಂದಲೇ ತೆರಿಗೆ ಕಟ್ಟುತ್ತಾರೆ. ಅದು ಬರೀ ರಿಯಾಯಿತಿ.

ಬಿಲ್ ಓದುಗಿ

ತೆರಿಗೆ ಲೆಕ್ಕ ಅವರೇ, ತೆರಿಗೆ ಕಾಣಬೇಕು ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಆದರೆ ಕಾಣಬೇಕಾದರೆ ಕೊನೆಗೇ ಸೇರಿಸಬೇಕೆಂದೇನಿಲ್ಲ. ಚೀಟಿಯಲ್ಲಿ ಒಟ್ಟು ಮೊತ್ತ ದಪ್ಪಕ್ಷರದಲ್ಲಿ, ಅದರ ಕೆಳಗೆ ಇಷ್ಟು ತೆರಿಗೆ ಅಂತ ಚಿಕ್ಕದಾಗಿ. ಬಿಲ್ಲಿನಲ್ಲಿ ಪೂರ್ತಿ ವಿವರ. ಎರಡೂ ಆಗುತ್ತದಲ್ಲ. ನಾನು ಮೇಲೆ ಹೇಳಿದ ಪ್ರಯೋಗ ತೋರಿಸುವುದೂ ಅದನ್ನೇ. ತೆರಿಗೆ ಚೀಟಿಯಲ್ಲಿದ್ದಾಗಲೇ ಅದು ಜನರ ನಿರ್ಧಾರದೊಳಗೆ ಬಂತು. ಕೊನೆಗೆ ಸೇರಿಸಿದಾಗ ಅದು ಬಿಲ್ಲಿನಲ್ಲಿತ್ತು, ಮನಸ್ಸಿನಲ್ಲಿರಲಿಲ್ಲ.

ಊರೂರಿಗೆ ದರ ಬೇರೆ ಎನ್ನುವುದು ಜಾಹೀರಾತಿಗೆ ಕಷ್ಟ, ನಿಜ. ಆದರೆ ಅಂಗಡಿ ಒಂದೇ ಜಾಗದಲ್ಲಿ ನಿಂತಿರುತ್ತದೆ. ಅದರ ಗಲ್ಲಾ ಯಂತ್ರಕ್ಕೆ ದರ ಗೊತ್ತಿದೆ ಅಂದಮೇಲೆ ಅದರ ಚೀಟಿಗೂ ಗೊತ್ತಿರಬಹುದು.

ಜಪಾನ್ ನೋಡಿ. 2004ರಿಂದ ತೆರಿಗೆ ಸೇರಿಸಿದ ಬೆಲೆ ತೋರಿಸಲೇಬೇಕಿತ್ತು. ತೆರಿಗೆ ದರ ಏರಿಸುವ ಹೊತ್ತಿನಲ್ಲಿ, 2013ರ ಅಕ್ಟೋಬರ್‌ನಿಂದ, ಅಂಗಡಿಯವರಿಗೆ ಚೀಟಿ ಬದಲಿಸುವ ಹೊರೆ ಆಗದಿರಲಿ ಅಂತ ವಿನಾಯಿತಿ ಕೊಟ್ಟರು. 2021ರ ಏಪ್ರಿಲ್ 1ರಿಂದ ಮತ್ತೆ ಕಡ್ಡಾಯ. ಅಲ್ಲಿ ಎರಡು ದರ ಇವೆ, ಸಾಮಾನ್ಯಕ್ಕೆ ಶೇ 10, ಹೆಚ್ಚಿನ ಆಹಾರ ವಸ್ತುಗಳಿಗೆ ಶೇ 8. ಆದರೂ ನಡೆಯುತ್ತಿದೆ. ಯುರೋಪಿಯನ್ ಒಕ್ಕೂಟದಲ್ಲಿ 1998ರ ನಿರ್ದೇಶನದಿಂದಲೇ ವ್ಯಾಟ್ ಸೇರಿದ ಕೊನೆಯ ಬೆಲೆ ತೋರಿಸಬೇಕು. ಕಿಲೋಗೆ, ಲೀಟರಿಗೆ ಎಷ್ಟು ಅಂತಲೂ ಬರೆಯಬೇಕು.

ತೆರಿಗೆ ಲೆಕ್ಕ

ಒಟ್ಟು ಮೊತ್ತ ದೊಡ್ಡದಾಗಿ, ತೆರಿಗೆ ಅದರ ಕೆಳಗೆ. ಸರಿ, ಹಾಗಿದ್ದರೆ ನನ್ನ ತಕರಾರು ಇಲ್ಲ. ತೆರಿಗೆ ಸಾಲು ಮಾತ್ರ ಬಿಲ್ಲಿನಿಂದ ಮಾಯವಾಗಬಾರದು.

ದೂರದ ದಾರಿ

ಬೇರೆ ದೇಶದಲ್ಲಿ ಕಾರ್ಡ್ ಬಳಸುವವರಿಗೆ ಒಂದು ಎಚ್ಚರಿಕೆ. ಯಂತ್ರದ ಪರದೆಯಲ್ಲಿ ಎರಡು ಮೊತ್ತ ಬರುತ್ತವೆ. ಒಂದು ಆ ದೇಶದ ಹಣದಲ್ಲಿ, ಇನ್ನೊಂದು ನಿಮ್ಮ ದೇಶದ ಹಣದಲ್ಲಿ. ನಮ್ಮ ಹಣದಲ್ಲಿರುವುದು ನೋಡಲು ಸುಲಭ, ಅದನ್ನೇ ಒತ್ತಿಬಿಡುತ್ತೇವೆ. ಅಲ್ಲೇ ಹೊಡೆತ ಬೀಳುವುದು.

ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಅನ್ನುತ್ತಾರೆ. ನಿಮ್ಮ ಹಣದಲ್ಲಿ ಆರಿಸಿದರೆ ವಿನಿಮಯ ದರ ಹಾಕುವುದು ನಿಮ್ಮ ಬ್ಯಾಂಕೂ ಅಲ್ಲ, ಕಾರ್ಡ್ ಜಾಲವೂ ಅಲ್ಲ. ಅಂಗಡಿಯ ಕಡೆಯ ಸೇವಾದಾರರು ಹಾಕುತ್ತಾರೆ. ದರದೊಳಗೇ ಅವರ ಲಾಭ ಕೂತಿರುತ್ತದೆ, ಅದರಲ್ಲಿ ಅಂಗಡಿಗೂ ಪಾಲು ಇರಬಹುದು. "ಶುಲ್ಕ ಇಲ್ಲ" ಅಂತ ಬರೆದಿದ್ದರೂ ದರ ಕೆಟ್ಟದಿದ್ದರೆ ಏನು ಬಂತು? ಹೀಗೆ ಮಾಡಿದರೂ ಕೆಲವು ಬ್ಯಾಂಕುಗಳು ವಿದೇಶಿ ವ್ಯವಹಾರದ ಶುಲ್ಕವನ್ನು ಬೇರೆಯಾಗಿ ಹಾಕುತ್ತವೆ. ಆಗ ಎರಡು ಸಲ ಕೊಟ್ಟ ಹಾಗೆ.

ಯಾವಾಗಲೂ ಆ ದೇಶದ ಹಣವನ್ನೇ ಆರಿಸಿ. ಎಟಿಎಂನಲ್ಲೂ ಅಷ್ಟೇ. ಕೆಲವು ಕಡೆ ಗಲ್ಲಾದವರು ನಿಮ್ಮನ್ನು ಕೇಳದೆ ತಾವೇ ಒತ್ತಿಬಿಡುತ್ತಾರೆ. ರಸೀದಿ ನೋಡಿ, ಅಲ್ಲೇ ರದ್ದು ಮಾಡಿಸಿ ಮತ್ತೆ ಮಾಡಿಸಿ. ಯುರೋಪಿಯನ್ ಒಕ್ಕೂಟದಲ್ಲಿ 2020ರ ಏಪ್ರಿಲ್‌ನಿಂದ ಒಂದು ನಿಯಮ ಇದೆ. ಒಕ್ಕೂಟದೊಳಗಿನ ಹಣಗಳ ನಡುವೆ ಹೀಗೆ ಪರಿವರ್ತಿಸುವಾಗ, ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ದರಕ್ಕಿಂತ ಶೇಕಡಾ ಎಷ್ಟು ಜಾಸ್ತಿ ಅಂತ ಹಣ ಕೊಡುವ ಮೊದಲೇ ತೋರಿಸಬೇಕು. ಎಲ್ಲ ದೇಶಗಳಲ್ಲೂ ಇದು ಬರಬೇಕು.

ಹೊಸ ಓದುಗ

ಕಾರ್ಡ್‌ಗೆ ಜಾಸ್ತಿ ಹಣ ಕೇಳುವುದು ಕಾನೂನಿಗೆ ವಿರುದ್ಧವಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಯಂತ್ರದ ಹಿಂದೆ

ದೇಶ ದೇಶಕ್ಕೆ ಬೇರೆ. ಅದಕ್ಕೇ ಒಬ್ಬೊಬ್ಬರು ಒಂದೊಂದು ಹೇಳುವುದು.

ಯುರೋಪಿಯನ್ ಒಕ್ಕೂಟದಲ್ಲಿ 2018ರ ಜನವರಿ 13ರಿಂದ ಸಾಮಾನ್ಯ ಗ್ರಾಹಕರ ಕಾರ್ಡ್‌ಗಳಿಗೆ ಹೆಚ್ಚುವರಿ ಹಣ, ಅಂದರೆ ಸರ್‌ಚಾರ್ಜ್, ಕೇಳುವಂತಿಲ್ಲ. ಬ್ರಿಟನ್ ಕೂಡ ಅದೇ ದಿನದಿಂದ ನಿಲ್ಲಿಸಿತು. ಇಂಟರ್‌ಚೇಂಜ್‌ಗೆ ಮೊದಲು ಮಿತಿ ಹಾಕಿ, ಆಮೇಲೆ ಸರ್‌ಚಾರ್ಜ್ ನಿಷೇಧಿಸಿದ್ದರಿಂದ ಅಂಗಡಿಯವರಿಗೆ ಅಷ್ಟು ಭಾರ ಆಗಲಿಲ್ಲ. ಈ ಅನುಕ್ರಮ ಮುಖ್ಯ.

ಆಸ್ಟ್ರೇಲಿಯಾ 2003ರಲ್ಲಿ ಬೇರೆ ದಾರಿ ಹಿಡಿಯಿತು. ಅಂಗಡಿಯವರು ಸರ್‌ಚಾರ್ಜ್ ಹಾಕಬಾರದು ಎಂಬ ಜಾಲಗಳ ನಿಯಮವನ್ನೇ ಅಲ್ಲಿನ ರಿಸರ್ವ್ ಬ್ಯಾಂಕ್ ತೆಗೆಸಿತು. ದುಬಾರಿ ಕಾರ್ಡ್ ಬಳಸುವವರಿಗೆ ಅದರ ಖರ್ಚು ಕಾಣಲಿ ಎಂಬುದು ಉದ್ದೇಶ. ಆದರೆ ಕೆಲವರು ನಿಜವಾದ ಖರ್ಚಿಗಿಂತ ಬಹಳ ಜಾಸ್ತಿ ಹಾಕತೊಡಗಿದರು. 2016ರಲ್ಲಿ, ಕಾರ್ಡ್ ಸ್ವೀಕರಿಸುವ ಖರ್ಚನ್ನು ಮೀರಿ ಹಾಕಬಾರದು ಅಂತ ನಿಯಮ ಬಂತು. ಕೆನಡಾದಲ್ಲಿ 2022ರ ಅಕ್ಟೋಬರ್ 6ರಿಂದ ಕ್ರೆಡಿಟ್ ಕಾರ್ಡ್‌ಗೆ ಸರ್‌ಚಾರ್ಜ್ ಹಾಕಬಹುದು, ಕ್ವಿಬೆಕ್ ಪ್ರಾಂತ್ಯ ಬಿಟ್ಟು. ಅಮೆರಿಕದಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಹಾಕಬಹುದು, ಕೆಲವು ರಾಜ್ಯಗಳಲ್ಲಿ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಆಸ್ಟ್ರೇಲಿಯಾದ ಉದ್ದೇಶ ಸರಿ ಇತ್ತು. ಖರ್ಚು ಕಾಣದಿದ್ದರೆ ಯಾರೂ ಅಗ್ಗದ ದಾರಿ ಹುಡುಕುವುದಿಲ್ಲ. ಆದರೆ ನಗದು ಕಡಿಮೆಯಾಗಿ ಎಲ್ಲರೂ ಕಾರ್ಡ್ ಬಳಸುವ ಕಾಲದಲ್ಲಿ ಸರ್‌ಚಾರ್ಜ್‌ನಿಂದ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಎಲ್ಲರೂ ಕೊಡಲೇಬೇಕಾದದ್ದು ಶುಲ್ಕ ಅಲ್ಲ, ಬೆಲೆ. ಅಂಥದ್ದು ಚೀಟಿಯಲ್ಲೇ ಇರಬೇಕು.

ಅಂಗಡಿಯವರಿಗೆ ಒಂದು ಲೆಕ್ಕದ ಮಾತು. ಶೇ 2 ಶುಲ್ಕವನ್ನು ಪೂರ್ತಿ ತುಂಬಿಕೊಳ್ಳಲು 100ಕ್ಕೆ 2 ಸೇರಿಸಿದರೆ ಸಾಲುವುದಿಲ್ಲ. ಶುಲ್ಕ 102ರ ಮೇಲೆ ಬೀಳುತ್ತದೆ. 100ನ್ನು 0.98ರಿಂದ ಭಾಗಿಸಬೇಕು, 102.04 ಬರುತ್ತದೆ. "ಯಾಕೆ ಸ್ವಲ್ಪ ಜಾಸ್ತಿ?" ಅಂತ ಯಾರಾದರೂ ಕೇಳಿದರೆ ಉತ್ತರ ಇದು. ಇದನ್ನು ಮೀರಿ 3, 4 ಕೇಳಿದರೆ ಅದು ಕಾರ್ಡ್ ಖರ್ಚಲ್ಲ, ಮೇಲಿನ ಲಾಭ.

ಗಲ್ಲಾಪೆಟ್ಟಿಗೆ

ಸರ್‌ಚಾರ್ಜ್ ಬದಲು ನಗದಿಗೆ ರಿಯಾಯಿತಿ ಕೊಟ್ಟರೆ? ಚೀಟಿಯಲ್ಲಿರುವುದು ಗರಿಷ್ಠ ಮೊತ್ತ. ಅದಕ್ಕಿಂತ ಜಾಸ್ತಿ ಯಾರೂ ಕೊಡುವುದಿಲ್ಲ. ನಗದು ಕೊಟ್ಟರೆ ಕಡಿಮೆ. ಬಿಲ್ ಓದುಗಿ ಅವರು ಕೇಳಿದ್ದೂ ಆಯಿತು, ನಗದಿನವರಿಗೆ ನ್ಯಾಯವೂ ಆಯಿತು.

ಬಿಲ್ ಓದುಗಿ

ಇದು ನನಗೆ ಬಹಳ ಹಿಡಿಸಿತು. ಗಲ್ಲಾ ಹತ್ತಿರ ಮೊತ್ತ ಇಳಿದರೆ ಯಾರಿಗೂ ಮೋಸ ಇಲ್ಲ. ಏರಿದರೆ ಮಾತ್ರ ತಕರಾರು.

ಸಂತೆಚೀಲ

ಆನ್‌ಲೈನ್ ಬಗ್ಗೆ ಯಾರೂ ಸರಿಯಾಗಿ ಮಾತಾಡಲಿಲ್ಲ. ನನ್ನ ಪ್ರಕಾರ ಅಲ್ಲೇ ಇದು ಅತಿ ಹೆಚ್ಚು. ಅಂಗಡಿಯಲ್ಲಿ ಸರ್‌ಚಾರ್ಜ್ ಬೋರ್ಡ್ ಆದರೂ ಕಣ್ಣಿಗೆ ಬೀಳುತ್ತದೆ. ಆನ್‌ಲೈನ್‌ನಲ್ಲಿ ವಿಳಾಸ ತುಂಬಿಸಿ, ಫೋನ್ ನಂಬರ್ ಕೊಟ್ಟು, ಓಟಿಪಿ ಹಾಕಿ ಮುಗಿದ ಮೇಲೆ ಶುಲ್ಕಗಳು ಬರುತ್ತವೆ. ಅಷ್ಟು ಹೊತ್ತು ಕಳೆದ ಮೇಲೆ ಯಾರು ವಾಪಸ್ ಹೋಗುತ್ತಾರೆ?

ಇದನ್ನು ಒಂದು ಕಂಪನಿ ಪರೀಕ್ಷೆ ಮಾಡಿಯೇ ನೋಡಿದೆ. ಟಿಕೆಟ್ ಮರುಮಾರಾಟದ ಸ್ಟಬ್‌ಹಬ್ 2015ರಲ್ಲಿ ಅಮೆರಿಕದ ತನ್ನ ಗ್ರಾಹಕರನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಶುಲ್ಕ ಸೇರಿದ ಬೆಲೆ ಮೊದಲೇ. ಇನ್ನೊಂದಕ್ಕೆ ಕೊನೆಯಲ್ಲಿ. ಕೊನೆಯಲ್ಲಿ ನೋಡಿದ ಗುಂಪು ಸುಮಾರು ಶೇ 20ರಷ್ಟು ಹೆಚ್ಚು ಖರ್ಚು ಮಾಡಿತು. ಹೆಚ್ಚು ಜನ ಕೊಂಡರು, ಹೆಚ್ಚು ದುಬಾರಿಯದನ್ನೂ ಕೊಂಡರು. ಇಂಥ ಲಾಭ ಇರುವಾಗ ಒಳ್ಳೆಯ ಕಂಪನಿಗೂ ಮೊದಲೇ ಹೇಳುವ ಧೈರ್ಯ ಬರುವುದಿಲ್ಲ. ಒಬ್ಬರೇ ಪೂರ್ತಿ ಬೆಲೆ ತೋರಿಸಿದರೆ ಪಟ್ಟಿಯಲ್ಲಿ ಅವರೇ ದುಬಾರಿ ಕಾಣುತ್ತಾರೆ. ಅದಕ್ಕೇ ಎಲ್ಲರಿಗೂ ಒಂದೇ ನಿಯಮ ಬೇಕು ಅನ್ನುವುದು.

ನಿಯಮಗಳು ಬರುತ್ತಿವೆ. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಕಡ್ಡಾಯ ಶುಲ್ಕಗಳನ್ನು ಜಾಹೀರಾತಿನ ಬೆಲೆಯಲ್ಲೇ ಸೇರಿಸಬೇಕು. ಸರ್ಕಾರದ ತೆರಿಗೆ ಮತ್ತು ವಸ್ತು ಕಳಿಸುವ ನಿಜವಾದ ಸಾಗಣೆ ಖರ್ಚನ್ನು ಹೊರಗಿಡಬಹುದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನಿಯಮ 2025ರ ಮೇ 12ರಿಂದ ಜಾರಿಗೆ ಬಂತು, ಆದರೆ ಕಾರ್ಯಕ್ರಮದ ಟಿಕೆಟ್ ಮತ್ತು ಹೋಟೆಲ್‌ನಂಥ ತಂಗುವ ಜಾಗಗಳಿಗಷ್ಟೇ. ಬ್ರಿಟನ್‌ನಲ್ಲಿ 2024ರ ಕಾನೂನಿನಡಿ 2025ರ ಏಪ್ರಿಲ್‌ನಿಂದ ಇಂಥ ನಿಯಮ ಇದೆ. ವಿಮೆಯಂಥ ಹೆಚ್ಚುವರಿಗಳನ್ನು ಸೇರಿಸಲು ಮೊದಲೇ ಟಿಕ್ ಹಾಕಿಟ್ಟ ಚೌಕಗಳನ್ನು ಯುರೋಪಿಯನ್ ಒಕ್ಕೂಟ 2014ರಲ್ಲೇ ನಿಲ್ಲಿಸಿತು. ನಾವು ಒಪ್ಪದೆ ಸೇರಿದ ವಿಮೆಯ ಹಣವನ್ನು ವಾಪಸ್ ಕೇಳುವ ಹಕ್ಕು ಅಲ್ಲಿದೆ.

"ಬಡ್ಡಿ ಇಲ್ಲದ ಕಂತು" ಬಗ್ಗೆಯೂ ಹೇಳಬೇಕು. ಸಾಲ ಕೊಡುವವರು ಬಡ್ಡಿ ಬಿಡುವುದಿಲ್ಲ. ಅದನ್ನು ಮಾರುವವರು ಅಥವಾ ತಯಾರಕರು ಕೊಡುತ್ತಾರೆ, ಇಲ್ಲವೇ ಬೆಲೆಯಲ್ಲಿ ಸೇರಿರುತ್ತದೆ. ಒಂದೇ ಸಲ ಕೊಟ್ಟರೆ ರಿಯಾಯಿತಿ ಸಿಗುತ್ತದಾ ಅಂತ ಕೇಳಿ ನೋಡಿ. ಸಿಕ್ಕರೆ, ಕಂತಿನಲ್ಲಿ ಕೊಂಡವರು ಬಿಟ್ಟುಕೊಟ್ಟ ಆ ರಿಯಾಯಿತಿಯೇ ಬಡ್ಡಿ. ಜೊತೆಗೆ ಸಂಸ್ಕರಣಾ ಶುಲ್ಕ, ಅದರ ಮೇಲೆ ತೆರಿಗೆ ಇರಬಹುದು.

ದೂರದ ದಾರಿ

ಪೊಟ್ಟಣ ಚಿಕ್ಕದು ಮಾಡಿ ಬೆಲೆ ಹಾಗೇ ಇಡುವುದನ್ನೂ ಈ ಪಟ್ಟಿಗೆ ಸೇರಿಸಬೇಕಲ್ವಾ?

ಬಿಲ್ ಓದುಗಿ

ಅದು ಸ್ವಲ್ಪ ಬೇರೆ ವಿಷಯ, ಆದರೆ ಹೌದು. ಫ್ರಾನ್ಸ್‌ನಲ್ಲಿ 2024ರ ಜುಲೈ 1ರಿಂದ ದೊಡ್ಡ ಮಳಿಗೆಗಳು ಇದನ್ನು ಬೋರ್ಡ್ ಹಾಕಿ ತಿಳಿಸಬೇಕು. ನಮ್ಮ ಕೈಯಲ್ಲಿರುವುದು ಕಿಲೋ ಬೆಲೆ, ಲೀಟರ್ ಬೆಲೆ ನೋಡುವುದು. ಪೊಟ್ಟಣ ಎಷ್ಟೇ ಬದಲಾಗಲಿ, ಆ ಸಂಖ್ಯೆ ಸತ್ಯ ಹೇಳುತ್ತದೆ.

ಹೊಸ ಓದುಗ

ಕೊನೆಯದಾಗಿ ಒಂದು. ವಸ್ತು ವಾಪಸ್ ಕೊಟ್ಟರೆ ತೆರಿಗೆ, ಕಾರ್ಡ್ ಶುಲ್ಕ ಎಲ್ಲ ಹಿಂದಕ್ಕೆ ಬರುತ್ತದಾ?

ತೆರಿಗೆ ಲೆಕ್ಕ

ತೆರಿಗೆ ಬರಬೇಕು. ಮಾರಾಟವೇ ರದ್ದಾದರೆ ತೆರಿಗೆಗೂ ನೆಲೆ ಇಲ್ಲ. ಅಂಗಡಿಯವರು ಕ್ರೆಡಿಟ್ ನೋಟ್, ಅಂದರೆ ಮಾರಾಟ ರದ್ದಾದ ಚೀಟಿ, ಕೊಟ್ಟು ತಮ್ಮ ತೆರಿಗೆ ಲೆಕ್ಕದಲ್ಲಿ ಕಳೆದುಕೊಳ್ಳುತ್ತಾರೆ. ಮೂಲ ಬಿಲ್ ಇಲ್ಲದಿದ್ದರೆ ಇದು ಕಷ್ಟ, ಹಾಗಾಗಿ ವಾಪಸ್ ಅವಧಿ ಮುಗಿಯುವವರೆಗೆ ಬಿಲ್ ಇಟ್ಟುಕೊಳ್ಳಿ. ಉಷ್ಣ ಕಾಗದದ ರಸೀದಿ ಬೇಗ ಮಾಸಿಹೋಗುತ್ತದೆ, ಒಂದು ಫೋಟೊ ತೆಗೆದಿಡಿ.

ಗಲ್ಲಾಪೆಟ್ಟಿಗೆ

ಕಾರ್ಡ್ ಶುಲ್ಕ ಬೇರೆ ಕಥೆ. ಗ್ರಾಹಕರಿಗೆ ಪೂರ್ತಿ 120 ಹಿಂದಿರುಗುತ್ತದೆ. ಆದರೆ ಮೊದಲು ಕತ್ತರಿಸಿದ 2.40 ನನಗೆ ವಾಪಸ್ ಬರುತ್ತದಾ ಅನ್ನುವುದು ಯಂತ್ರ ಕೊಟ್ಟವರ ಒಪ್ಪಂದದ ಮೇಲೆ. ಬಹಳ ಒಪ್ಪಂದಗಳಲ್ಲಿ ಬರುವುದಿಲ್ಲ. ಮಾರಾಟ ಆಗಲಿಲ್ಲ, ಶುಲ್ಕ ಹೋಯಿತು. ಹಾಗಾಗಿ ಕೆಲವು ಅಂಗಡಿಗಳು ವಾಪಸ್ ಬದಲು ಬೇರೆ ವಸ್ತು ತೆಗೆದುಕೊಳ್ಳಿ ಅಂತ ಒತ್ತಾಯಿಸುತ್ತವೆ. ಕಾನೂನು ಪ್ರಕಾರ ಹಣ ಹಿಂದಕ್ಕೆ ಕೊಡಬೇಕಾದ ಕಡೆ ಹಾಗೆ ಮಾಡಬಾರದು. ವಸ್ತು ಕೆಟ್ಟಿದ್ದರೆ ನಿಮ್ಮ ಹಣ ಬಿಡಬೇಡಿ. ಬರೀ ಬಣ್ಣ ಅಥವಾ ಅಳತೆ ಬದಲಿಸಬೇಕಿದ್ದರೆ ಅದಲುಬದಲು ಮಾಡಿಕೊಂಡರೆ ನನ್ನಂಥವರಿಗೆ ಆ ಶುಲ್ಕ ಉಳಿಯುತ್ತದೆ.

ಮತ್ತೆ ಸರ್‌ಚಾರ್ಜ್ ಕೊಟ್ಟು ಕೊಂಡಿದ್ದರೆ, ವಾಪಸ್ ಮಾಡುವಾಗ ಆ ಮೊತ್ತವೂ ಸೇರಿದೆಯಾ ಅಂತ ರಸೀದಿ ನೋಡಿ. ಬಿಟ್ಟುಹೋಗಿದ್ದರೆ ಅಲ್ಲೇ ಕೇಳಿ, ಮನೆಗೆ ಹೋದ ಮೇಲೆ ಕೇಳಿದರೆ ಹುಡುಕುವುದು ಕಷ್ಟ.